ಶಾಸನಗಳ ‘ಕೊನೆಯ ದರ್ಶನ’: ಕ್ಷೇತ್ರಕಾರ್ಯದ ಕೋಷ್ಟಕದಲ್ಲಿ ಇತ್ತೀಚಿನ ದಿನಾಂಕವನ್ನು ಕಂಡುಕೊಳ್ಳುವ ಬಗೆ

1. ಪ್ರವೇಶ

ಶಾಸನಾಧ್ಯಯನದಲ್ಲಿ ಕಾಲನಿರ್ಣಯ ಎಂದೊಡನೆ ಶಾಸನವು ಹುಟ್ಟಿದ ಕಾಲವೇ ನಮ್ಮ ಮನಸ್ಸಿಗೆ ಬರುತ್ತದೆ. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಹೊಂದಿಸಿ ನೋಡುವ ಕ್ರಮ ನಮ್ಮಲ್ಲಿ ಚೆನ್ನಾಗಿಯೇ ಬೆಳೆದಿದೆ. ಆದರೆ ಪ್ರತಿಯೊಂದು ಶಾಸನಕ್ಕೂ ಇನ್ನೊಂದು ಕಾಲವಿದೆ. ಅದು ಆ ಕಲ್ಲನ್ನು ಕೊನೆಯ ಬಾರಿಗೆ ಯಾರಾದರೂ ಕಣ್ಣಾರೆ ಕಂಡು, ಕಂಡೆನೆಂದು ಬರೆದಿಟ್ಟ ದಿನ. ಇದನ್ನು ಪ್ರಸ್ತುತ ಲೇಖನದಲ್ಲಿ ಶಾಸನದ ‘ಕೊನೆಯ ದರ್ಶನ’ ಎಂದು ಕರೆಯಲಾಗಿದೆ. ಹುಟ್ಟಿದ ಕಾಲ ಇತಿಹಾಸಕಾರನಿಗೆ ಬೇಕು. ಕೊನೆಯ ದರ್ಶನದ ಕಾಲ ಆ ಕಲ್ಲನ್ನು ಉಳಿಸಿಕೊಳ್ಳಬೇಕೆನ್ನುವವರಿಗೆ ಬೇಕು.

ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ ಮಾಲೆಯಲ್ಲಿ ಹಾಸನ ಜಿಲ್ಲೆಯ ಸಂಪುಟ 1902ರಲ್ಲಿ ಪ್ರಕಟವಾಯಿತು. ಅಲ್ಲಿ ಪಾಠ ಮುದ್ರಿತವಾಗಿರುವ ಕಲ್ಲು ಆ ವರ್ಷಕ್ಕೆ ಮೊದಲು ಇತ್ತೆಂಬುದು ನಿಶ್ಚಿತ. ಇಂದು ಇದೆಯೆ ಎಂಬುದಕ್ಕೆ ಮುದ್ರಿತ ಸಂಪುಟ ಉತ್ತರ ಕೊಡಲಾರದು. ಅಧ್ಯಾಪಕರೂ ಸಂಶೋಧನ ವಿದ್ಯಾರ್ಥಿಗಳೂ ಕ್ಷೇತ್ರಕಾರ್ಯದಿಂದ ತರುವ ಟಿಪ್ಪಣಿಗಳು ಮಾತ್ರ ಆ ಉತ್ತರವನ್ನು ಕೊಡಬಲ್ಲವು. ಇಂಥ ಟಿಪ್ಪಣಿಗಳು ಈಗ ಬಹುಮಟ್ಟಿಗೆ ಗಣಕಯಂತ್ರದ ಕೋಷ್ಟಕಗಳಲ್ಲಿ, ಅಂದರೆ ಸ್ಪ್ರೆಡ್‌ಶೀಟ್‌ಗಳಲ್ಲಿ ಸೇರುತ್ತಿವೆ. ಅವುಗಳಿಂದ ‘ಈ ಕಲ್ಲನ್ನು ಕೊನೆಯ ಸಲ ಕಂಡದ್ದು ಯಾವಾಗ?’ ಎಂಬ ಪ್ರಶ್ನೆಗೆ ಉತ್ತರ ಪಡೆಯುವುದು ಸುಲಭವೆಂದು ತೋರುತ್ತದೆ. ವಾಸ್ತವವಾಗಿ ಸಾಮಾನ್ಯವಾಗಿ ಬಳಸುವ ಹುಡುಕು ಸೂತ್ರಗಳು ಈ ಪ್ರಶ್ನೆಗೆ ತಪ್ಪು ಉತ್ತರವನ್ನು ಕೊಡುತ್ತವೆ. ಕೊಡುವಾಗ ತಪ್ಪಾಗಿದೆಯೆಂಬ ಸೂಚನೆಯನ್ನು ನೀಡುವುದಿಲ್ಲ. ಈ ತಪ್ಪುಗಳು ಎಲ್ಲಿ ಹುಟ್ಟುತ್ತವೆ, ಅವನ್ನು ನಿವಾರಿಸುವ ಬಗೆ ಯಾವುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಉದಾಹರಣೆಯ ನೆಲೆಯಾಗಿ ಆಲೂರು ತಾಲ್ಲೂಕಿನ ಕೆ. ಹೊಸಕೋಟೆ ಹೋಬಳಿಯನ್ನೂ ಅದರ ನೆರೆಯ ಸಕಲೇಶಪುರದ ಗುಡ್ಡಸೀಮೆಯನ್ನೂ ಇಟ್ಟುಕೊಳ್ಳಲಾಗಿದೆ. ಸೂತ್ರಗಳನ್ನು ಯಂತ್ರದಲ್ಲಿ ರೋಮನ್ ಅಕ್ಷರಗಳಲ್ಲಿಯೇ ಟೈಪು ಮಾಡಬೇಕು. ಇಲ್ಲಿ ಅವನ್ನು ಉಚ್ಚಾರಣೆಗೆ ಅನುಗುಣವಾಗಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಎ, ಬಿ, ಸಿ ಮೊದಲಾದವು ಕಂಬಸಾಲುಗಳ ಹೆಸರುಗಳು.

2. ಕ್ಷೇತ್ರ ಮತ್ತು ದಾಖಲೆಯ ಸ್ವರೂಪ

ಮಲೆನಾಡಿನ ಅಂಚಿನ ಈ ಪ್ರದೇಶದಲ್ಲಿ ಕ್ಷೇತ್ರಕಾರ್ಯಕ್ಕೆ ತನ್ನದೇ ಆದ ತೊಡಕುಗಳಿವೆ. ಮುಂಗಾರಿನ ತಿಂಗಳುಗಳಲ್ಲಿ ಕಲ್ಲುಗಳ ಮೇಲೆ ಪಾಚಿ ಕಟ್ಟಿ ಅಕ್ಷರ ಮುಚ್ಚಿಹೋಗುತ್ತದೆ. ಕಾಫಿ ತೋಟಗಳ ಒಳಗಿರುವ ಕಲ್ಲನ್ನು ನೋಡಲು ತೋಟದವರ ಒಪ್ಪಿಗೆ ಬೇಕು. ಆಲೂರು–ಸಕಲೇಶಪುರ ಭಾಗದಲ್ಲಿ ಕಾಡಾನೆಗಳ ಸಂಚಾರ ಹೆಚ್ಚು. ಆನೆ ಇದೆಯೆಂದು ತಿಳಿದ ದಿನ ಊರಿನವರೇ ಮುಂದೆ ಹೋಗಬೇಡಿರೆಂದು ಹಿಂದಕ್ಕೆ ಕಳುಹಿಸುತ್ತಾರೆ. ಆದುದರಿಂದ ‘ಹೋಗಿದ್ದೆವು, ಕಲ್ಲು ಸಿಗಲಿಲ್ಲ’ ಎಂಬುದೂ ‘ಹೋಗಿದ್ದೆವು, ಕಲ್ಲಿನವರೆಗೆ ತಲುಪಲಾಗಲಿಲ್ಲ’ ಎಂಬುದೂ ಬೇರೆ ಬೇರೆ ಫಲಿತಾಂಶಗಳು. ಕೋಷ್ಟಕದಲ್ಲಿ ಇವೆರಡಕ್ಕೂ ಒಂದೇ ಮಾತು ಬಳಸಿದರೆ ಮುಂದಿನ ಎಲ್ಲ ಲೆಕ್ಕವೂ ಕೆಡುತ್ತದೆ.

ನೋಡಿದ ಕಾಲವೂ ಮುಖ್ಯವೆಂಬುದಕ್ಕೆ ಇದೇ ಜಿಲ್ಲೆಯಲ್ಲಿ ಎದ್ದುಕಾಣುವ ನಿದರ್ಶನವಿದೆ. ಗೊರೂರಿನ ಬಳಿಯ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಹಳೆಯ ಚರ್ಚು ಬೇಸಿಗೆಯಲ್ಲಿ ನೆಲದ ಮೇಲೆ ನಿಂತಿರುತ್ತದೆ. ಜಲಾಶಯ ತುಂಬಿದಾಗ ಬಹುಭಾಗ ನೀರಿನಲ್ಲಿ ಮುಳುಗುತ್ತದೆ. ಚರ್ಚಿನಷ್ಟು ದೊಡ್ಡ ಕಟ್ಟಡವೇ ಋತುವಿಗೆ ಅನುಸಾರವಾಗಿ ಮರೆಯಾಗುವುದಾದರೆ ಮೊಳದೆತ್ತರದ ಕಲ್ಲಿನ ವಿಷಯದಲ್ಲಿ ದಿನಾಂಕವಿಲ್ಲದ ‘ಇಲ್ಲ’ ಎಂಬ ಮಾತಿಗೆ ಬೆಲೆಯಿಲ್ಲ.

ಈ ಕಾರಣಗಳಿಂದ ಒಂದು ಕಲ್ಲಿಗೆ ಒಂದೇ ಸಾಲು ಎಂಬ ಕ್ರಮವನ್ನು ಬಿಟ್ಟು, ಒಂದು ಭೇಟಿಗೆ ಒಂದು ಸಾಲು ಎಂಬ ಕ್ರಮವನ್ನು ಅನುಸರಿಸಬೇಕು. ಹೊಸ ಭೇಟಿಯ ವಿವರವನ್ನು ಹಳೆಯದರ ಮೇಲೆ ಬರೆದರೆ ಹಿಂದಿನ ಸಾಕ್ಷ್ಯ ಅಳಿಯುತ್ತದೆ. ವಿವರಣೆಗಾಗಿ ರಚಿಸಿಕೊಂಡ ಒಂದು ಚಿಕ್ಕ ಕೋಷ್ಟಕವನ್ನು ಕೆಳಗೆ ಕೊಟ್ಟಿದೆ. ಇದರ ಸಂಕೇತಗಳಾಗಲಿ ದಿನಾಂಕಗಳಾಗಲಿ ಯಾವ ನಿಜ ಶಾಸನದ ಸ್ಥಿತಿಯನ್ನೂ ಹೇಳುವುದಿಲ್ಲ.

| ಸಾಲು | ಎ: ಕಲ್ಲಿನ ಸಂಕೇತ | ಬಿ: ದಿನಸಂಖ್ಯೆ | ಸಿ: ಫಲಿತಾಂಶ | ಡಿ: ಆಧಾರ |
|---|---|---|---|---|
| 2 | 101 | 19020000 | ಕಂಡಿದೆ | ಮುದ್ರಿತ ಸಂಪುಟ |
| 3 | 101 | 20090214 | ಕಂಡಿದೆ | ನೇರ ಭೇಟಿ |
| 4 | 102 | 19020000 | ಕಂಡಿದೆ | ಮುದ್ರಿತ ಸಂಪುಟ |
| 5 | 101 | 20231118 | ಸಿಗಲಿಲ್ಲ | ನೇರ ಭೇಟಿ |
| 6 | 102 | 20190310 | ಕಂಡಿದೆ | ನೇರ ಭೇಟಿ |
| 7 | 101 | 19780400 | ಕಂಡಿದೆ | ಹಳೆಯ ಟಿಪ್ಪಣಿ |

‘ದಿನಸಂಖ್ಯೆ’ ಎಂಬುದು ವರ್ಷ, ತಿಂಗಳು, ದಿನಗಳನ್ನು ಒತ್ತಟ್ಟಿಗೆ ಬರೆದ ಎಂಟು ಅಂಕಿಗಳ ಸಂಖ್ಯೆ. ಇದರ ಅಗತ್ಯವನ್ನು ನಾಲ್ಕನೆಯ ಭಾಗದಲ್ಲಿ ವಿವರಿಸಲಾಗಿದೆ. ಏಳನೆಯ ಸಾಲನ್ನು ಗಮನಿಸಬೇಕು. ಅದು 1978ರ ಭೇಟಿ. ಆದರೆ ಆ ಟಿಪ್ಪಣಿ ಕೈಗೆ ಸಿಕ್ಕಿದ್ದು ಎಲ್ಲಕ್ಕೂ ಕೊನೆಯಲ್ಲಿ. ಆದುದರಿಂದ ಕೋಷ್ಟಕದ ಕೊನೆಗೆ ಸೇರಿದೆ. ಹಳೆಯ ಕಡತ ತಡವಾಗಿ ದೊರೆಯುವುದು ನಮ್ಮ ವಿಭಾಗಗಳಲ್ಲಿ ಅಪರೂಪವೇನಲ್ಲ.

3. ಹುಡುಕು ಸೂತ್ರಗಳು ಮತ್ತು ಅವುಗಳ ಮಿತಿ

ಕೋಷ್ಟಕದಲ್ಲಿ ಹುಡುಕುವುದೆಂದರೆ ಹೆಚ್ಚಿನವರು ಮೊದಲು ಕಲಿಯುವುದು ‘ವಿಲುಕಪ್’ ಸೂತ್ರವನ್ನು. 101 ಎಂಬ ಸಂಕೇತವನ್ನು ಕೊಟ್ಟು ಎರಡನೆಯ ಕಂಬಸಾಲಿನ ಬೆಲೆಯನ್ನು ಕೇಳಿದರೆ ಅದು 19020000 ಎಂಬ ಉತ್ತರವನ್ನು ನೀಡುತ್ತದೆ. ನಿಖರ ಹೊಂದಿಕೆಯನ್ನು ಕೇಳಿದಾಗ ವಿಲುಕಪ್ ಮೇಲಿನಿಂದ ಕೆಳಗೆ ನೋಡುತ್ತಾ ಹೋಗಿ ಮೊದಲು ಸಿಕ್ಕ ಸಾಲಿನಲ್ಲೇ ನಿಲ್ಲುತ್ತದೆ. ಕಾಲಕ್ರಮದಲ್ಲಿ ಬರೆದ ಕೋಷ್ಟಕದಲ್ಲಿ ಮೊದಲ ಸಾಲೆಂದರೆ ಅತ್ಯಂತ ಹಳೆಯ ಸಾಲು. ನಾವು ಕೇಳಿದ್ದು ಕೊನೆಯದನ್ನು, ಸಿಕ್ಕಿದ್ದು ಮೊದಲನೆಯದು. ಸೂತ್ರದ ನಾಲ್ಕನೆಯ ಅಂಶವನ್ನು ಬರೆಯದೆ ಬಿಟ್ಟರೆ ಅಪಾಯ ಇನ್ನೂ ಹೆಚ್ಚು. ಆಗ ಯಂತ್ರವು ಸಂಕೇತಗಳ ಕಂಬಸಾಲು ಏರಿಕೆಯ ಕ್ರಮದಲ್ಲಿದೆಯೆಂದು ನಂಬಿ ಅಂದಾಜಿನ ಹೊಂದಿಕೆಯನ್ನು ಕೊಡುತ್ತದೆ. ಕ್ರಮ ಹಾಗಿಲ್ಲದಿದ್ದರೆ ಬೇರೆ ಕಲ್ಲಿನ ದಿನಾಂಕ ನಮ್ಮ ಕಲ್ಲಿನದೆಂದು ಬಂದೀತು.

ಕೆಳಗಿನಿಂದ ಮೇಲಕ್ಕೆ ಹುಡುಕುವ ಸೂತ್ರಗಳೂ ಇವೆ. ‘ಎಕ್ಸ್‌ಲುಕಪ್’ ಸೂತ್ರದ ಕೊನೆಯ ಅಂಶವಾಗಿ -1 ಎಂದು ಕೊಟ್ಟರೆ ಅದು ಕೆಳಗಿನ ಸಾಲಿನಿಂದ ಆರಂಭಿಸುತ್ತದೆ. ಹಳೆಯ ಆವೃತ್ತಿಗಳನ್ನು ಬಳಸುವವರಲ್ಲಿ ‘ಲುಕಪ್’ ಸೂತ್ರದಿಂದ ಇದೇ ಕೆಲಸ ಮಾಡಿಸುವ ಉಪಾಯ ಪ್ರಚಾರದಲ್ಲಿದೆ:

=ಲುಕಪ್(2, 1/(ಎ2:ಎ7=101), ಬಿ2:ಬಿ7)

ಇದರ ಒಳಗುಟ್ಟು ಹೀಗಿದೆ. ಸಂಕೇತ ಹೊಂದಿದ ಸಾಲುಗಳಲ್ಲಿ ಭಾಗಾಕಾರದ ಫಲ 1 ಆಗುತ್ತದೆ. ಹೊಂದದ ಸಾಲುಗಳಲ್ಲಿ ಸೊನ್ನೆಯಿಂದ ಭಾಗಿಸಿದ ದೋಷ ಉಂಟಾಗುತ್ತದೆ. ಲುಕಪ್ ದೋಷಗಳನ್ನು ಕಡೆಗಣಿಸಿ 2 ಎಂಬ ಬೆಲೆಯನ್ನು ಅರಸುತ್ತದೆ. ಅದು ಎಲ್ಲಿಯೂ ಸಿಗದ ಕಾರಣ ಕೊನೆಯ 1 ಇರುವ ಸಾಲಿಗೆ ಬಂದು ನಿಲ್ಲುತ್ತದೆ.

ಜಾಣತನದ ಸೂತ್ರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಮ್ಮ ಕೋಷ್ಟಕದಲ್ಲಿ ಇದು ಕೊಡುವ ಉತ್ತರ 19780400. ಎಕ್ಸ್‌ಲುಕಪ್ ಕೊಡುವುದೂ ಅದನ್ನೇ. ಇವು ಕಂಡುಹಿಡಿಯುವುದು ಕೊನೆಯ ಸಾಲನ್ನೇ ಹೊರತು ಕೊನೆಯ ದಿನವನ್ನಲ್ಲ. ಕೋಷ್ಟಕವು ಯಾವಾಗಲೂ ದಿನಾಂಕದ ಕ್ರಮದಲ್ಲಿಯೇ ಇರುತ್ತದೆಂದು ಖಚಿತವಾಗಿದ್ದರೆ ಮಾತ್ರ ಎರಡೂ ಒಂದೇ. ಹಲವು ಕೈಗಳು ಸೇರಿಸುವ ಕೋಷ್ಟಕದಲ್ಲಿ ಅಂಥ ಖಚಿತತೆ ಇರುವುದಿಲ್ಲ. ಸಾಲಿನ ಸ್ಥಾನವನ್ನು ಕಾಲದ ಸಾಕ್ಷ್ಯವೆಂದು ಭಾವಿಸುವುದು ಹಸ್ತಪ್ರತಿಯ ಗರಿಗಳು ಕಟ್ಟಿನಲ್ಲಿರುವ ಕ್ರಮವನ್ನೇ ಕೃತಿಯ ಕ್ರಮವೆಂದು ನಂಬಿದಂತೆ.

ಸ್ಥಾನವನ್ನು ಬಿಟ್ಟು ಬೆಲೆಯನ್ನೇ ಹೋಲಿಸುವ ಸೂತ್ರ ಇಲ್ಲಿ ಬೇಕು. ‘ಮ್ಯಾಕ್ಸ್‌ಇಫ್ಸ್’ ಅಂಥದು. ಕೊಟ್ಟ ಷರತ್ತುಗಳನ್ನು ಪೂರೈಸುವ ಸಾಲುಗಳಲ್ಲಿ ಅತ್ಯಂತ ದೊಡ್ಡ ಸಂಖ್ಯೆಯನ್ನು ಅದು ಆರಿಸುತ್ತದೆ:

=ಮ್ಯಾಕ್ಸ್‌ಇಫ್ಸ್(ಬಿ2:ಬಿ7, ಎ2:ಎ7, 101)

ಇದರ ಉತ್ತರ 20231118. ಕಾಲದ ದೃಷ್ಟಿಯಿಂದ ಇದು ಸರಿ. 101ನೆಯ ಕಲ್ಲಿಗೆ ಸಂಬಂಧಿಸಿದ ಇತ್ತೀಚಿನ ದಾಖಲೆ ಅದೇ. ಆದರೂ ನಮ್ಮ ಪ್ರಶ್ನೆಗೆ ಇದು ಉತ್ತರವಲ್ಲ. ಆ ದಿನ ಕಲ್ಲು ಸಿಗಲಿಲ್ಲ. ಕೊನೆಯ ಭೇಟಿಯ ದಿನವನ್ನು ಕೊನೆಯ ದರ್ಶನದ ದಿನವೆಂದು ಬರೆದರೆ ಕಳೆದುಹೋದ ಕಲ್ಲು ಕಾಗದದ ಮೇಲೆ ಸುರಕ್ಷಿತವಾಗಿಬಿಡುತ್ತದೆ. ಆದುದರಿಂದ ಎರಡನೆಯ ಷರತ್ತು ಅನಿವಾರ್ಯ:

=ಮ್ಯಾಕ್ಸ್‌ಇಫ್ಸ್(ಬಿ2:ಬಿ7, ಎ2:ಎ7, 101, ಸಿ2:ಸಿ7, "ಕಂಡಿದೆ")

ಈಗ 20090214 ಎಂಬ ಉತ್ತರ ಬರುತ್ತದೆ. ‘ಕಂಡಿದೆ’ ಎಂಬ ಜಾಗದಲ್ಲಿ ‘ಸಿಗಲಿಲ್ಲ’ ಎಂದು ಬರೆದರೆ 20231118 ಬರುತ್ತದೆ. ಈ ಎರಡು ಉತ್ತರಗಳನ್ನು ಅಕ್ಕಪಕ್ಕದಲ್ಲಿಟ್ಟಾಗ ಕೋಷ್ಟಕವು ನಿಜವಾಗಿ ಮಾತನಾಡತೊಡಗುತ್ತದೆ. 2009ರ ಫೆಬ್ರವರಿ 14ರಂದು ಕಲ್ಲು ಇತ್ತು. 2023ರ ನವೆಂಬರ್ 18ರಂದು ಹುಡುಕಿದರೂ ಸಿಗಲಿಲ್ಲ. ಕಲ್ಲಿಗೆ ಏನಾದರೂ ಆಗಿದ್ದರೆ ಅದು ಈ ಎರಡು ದಿನಗಳ ನಡುವೆ ಆಗಿದೆ. ಆ ಅವಧಿಯಲ್ಲಿ ರಸ್ತೆ ಅಗಲವಾಯಿತೆ, ದೇವಾಲಯದ ಜೀರ್ಣೋದ್ಧಾರ ನಡೆಯಿತೆ, ಜಮೀನು ಕೈ ಬದಲಾಯಿತೆ ಎಂದು ಊರಿನ ಹಿರಿಯರನ್ನು ಕೇಳಲು ಈಗ ಒಂದು ನೆಲೆ ಸಿಕ್ಕಿತು. ಒಂದೇ ‘ಕೊನೆಯ ದಿನಾಂಕ’ದಿಂದ ಇದು ದೊರೆಯುತ್ತಿರಲಿಲ್ಲ. ಶಾಸನ ಸಮೀಕ್ಷೆಯ ಕೋಷ್ಟಕದಲ್ಲಿ ಪ್ರತಿ ಕಲ್ಲಿಗೂ ಕೊನೆಯ ದರ್ಶನ, ಕೊನೆಯ ವಿಫಲ ಶೋಧ ಎಂಬ ಎರಡು ದಿನಾಂಕಗಳಿರಬೇಕೆಂಬುದು ಈ ಲೇಖನದ ಮುಖ್ಯ ಪ್ರತಿಪಾದನೆ. ‘ತಲುಪಲಾಗಲಿಲ್ಲ’ ಎಂಬ ಫಲಿತಾಂಶ ಇವೆರಡರ ಲೆಕ್ಕಕ್ಕೂ ಸೇರಬಾರದು.

ಮ್ಯಾಕ್ಸ್‌ಇಫ್ಸ್ ಸೂತ್ರವು ಎಕ್ಸೆಲ್‌ನ 2019 ಮತ್ತು ಅನಂತರದ ಆವೃತ್ತಿಗಳಲ್ಲಿಯೂ ಲಿಬ್ರೆ ಆಫೀಸ್ ಕ್ಯಾಲ್ಕ್, ಗೂಗಲ್ ಶೀಟ್ಸ್‌ಗಳಲ್ಲಿಯೂ ದೊರೆಯುತ್ತದೆ. ಅದಕ್ಕೂ ಹಳೆಯ ಎಕ್ಸೆಲ್ ಇರುವ ಕಡೆ ಕೆಳಗಿನ ಸೂತ್ರ ಅದೇ ಕೆಲಸವನ್ನು ಮಾಡುತ್ತದೆ:

=ಸಮ್‌ಪ್ರಾಡಕ್ಟ್(ಮ್ಯಾಕ್ಸ್((ಎ2:ಎ7=101)*(ಸಿ2:ಸಿ7="ಕಂಡಿದೆ")*ಬಿ2:ಬಿ7))

ಷರತ್ತು ಹೊಂದದ ಸಾಲುಗಳ ದಿನಸಂಖ್ಯೆ ಸೊನ್ನೆಯಿಂದ ಗುಣಿಸಲ್ಪಟ್ಟು ಅಳಿದುಹೋಗುತ್ತದೆ. ಉಳಿದವುಗಳಲ್ಲಿ ದೊಡ್ಡದು ಆಯ್ಕೆಯಾಗುತ್ತದೆ. ಕೊನೆಯ ದರ್ಶನದ ದಿನ ತಿಳಿದ ಮೇಲೆ ಆ ಸಾಲಿನ ಆಧಾರವನ್ನೂ ತಿಳಿಯಬೇಕಾದರೆ ಎ, ಬಿ, ಸಿ ಕಂಬಸಾಲುಗಳನ್ನು ಜೋಡಿಸಿ ‘101-20090214-ಕಂಡಿದೆ’ ಎಂಬಂಥ ಸಂಯುಕ್ತ ಸಂಕೇತವನ್ನು ಪ್ರತ್ಯೇಕ ಕಂಬಸಾಲಿನಲ್ಲಿ ಮಾಡಿಟ್ಟು, ‘ಮ್ಯಾಚ್’ ಮತ್ತು ‘ಇಂಡೆಕ್ಸ್’ ಸೂತ್ರಗಳಿಂದ ಆ ಸಾಲನ್ನು ತಲುಪಬಹುದು. ಒಂದೇ ದಿನ ಎರಡು ತಂಡಗಳು ಅದೇ ಕಲ್ಲನ್ನು ನೋಡಿದ್ದರೆ ಇವು ಮೊದಲ ಸಾಲನ್ನಷ್ಟೇ ತೋರಿಸುತ್ತವೆ ಎಂಬುದನ್ನು ನೆನಪಿಡಬೇಕು.

4. ದಿನಾಂಕವೆಂಬ ಸಂಖ್ಯೆ

ಯಂತ್ರಕ್ಕೆ ದಿನಾಂಕವೆಂದರೆ ಒಂದು ಸಂಖ್ಯೆ. ಎಕ್ಸೆಲ್‌ನಲ್ಲಿ 1900ರ ಜನವರಿ 1ನೆಯ ದಿನಕ್ಕೆ 1 ಎಂಬ ಬೆಲೆ. ಅಲ್ಲಿಂದ ಮುಂದಕ್ಕೆ ದಿನಕ್ಕೊಂದರಂತೆ ಎಣಿಕೆ ನಡೆಯುತ್ತದೆ. ಅದಕ್ಕೂ ಹಿಂದಿನ ದಿನವನ್ನು ಬರೆದರೆ ಅದು ದಿನಾಂಕವಾಗದೆ ಬರಿಯ ಅಕ್ಷರಸರಣಿಯಾಗಿ ಉಳಿಯುತ್ತದೆ; ಗರಿಷ್ಠವನ್ನು ಆರಿಸುವ ಸೂತ್ರಗಳು ಅದನ್ನು ಕಡೆಗಣಿಸುತ್ತವೆ. ವ್ಯಾಪಾರದ ಲೆಕ್ಕಕ್ಕೆ ಇದು ಸಾಕು. ರೈಸ್ ಅವರ ಕಾಲದ ಸಮೀಕ್ಷೆಯ ಬಹುಭಾಗ 1900ಕ್ಕೆ ಹಿಂದಿನದು. ಕೊಡಗಿನ ಶಾಸನಗಳ ಸಂಪುಟ ಹೊರಬಂದುದೇ 1886ರಲ್ಲಿ. ಆ ಕಾಲದ ದಿನಾಂಕಗಳನ್ನು ಸಾಮಾನ್ಯ ರೀತಿಯಲ್ಲಿ ತುಂಬಿದರೆ ಅವು ಕಣ್ಣಿಗೆ ಕಾಣುತ್ತವೆ, ಲೆಕ್ಕಕ್ಕೆ ಸಿಗುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ತಪ್ಪು ಮತ್ತೊಂದಿದೆ. ಭೇಟಿಯ ಕೋಷ್ಟಕದಲ್ಲಿ ಒಂದು ಸಾಲೂ ಇಲ್ಲದ 103 ಎಂಬ ಕಲ್ಲಿನ ಕೊನೆಯ ದರ್ಶನವನ್ನು ಕೇಳಿದೆವೆನ್ನೋಣ. ಮ್ಯಾಕ್ಸ್‌ಇಫ್ಸ್ ದೋಷವನ್ನು ತೋರಿಸದೆ ಸೊನ್ನೆ ಎಂದು ಉತ್ತರಿಸುತ್ತದೆ. ಉತ್ತರದ ಕೋಶಕ್ಕೆ ದಿನಾಂಕದ ರೂಪವನ್ನು ಕೊಟ್ಟಿದ್ದರೆ ಎಕ್ಸೆಲ್ ಆ ಸೊನ್ನೆಯನ್ನು 1900ರ ಜನವರಿಯ ಸೊನ್ನೆಯ ದಿನವೆಂದು ತೋರಿಸುತ್ತದೆ. ಲಿಬ್ರೆ ಆಫೀಸ್ 1899ರ ಡಿಸೆಂಬರ್ 30 ಎಂದು ತೋರಿಸುತ್ತದೆ. ವರ್ಷವನ್ನು ಮಾತ್ರ ಕಾಣಿಸುವ ರೂಪವಿದ್ದರೆ 1900 ಅಥವಾ 1899 ಎಂದಷ್ಟೇ ಕಾಣುತ್ತದೆ. ಬೇರೆ ಕ್ಷೇತ್ರದವರು ಇದನ್ನು ನೋಡಿದೊಡನೆ ಅಸಂಬದ್ಧವೆಂದು ಗುರುತಿಸಿಯಾರು. ಹಾಸನದ ಸಂಪುಟ 1902ರದೆಂದು ಬಲ್ಲ ಶಾಸನ ವಿದ್ಯಾರ್ಥಿಗೆ ಮಾತ್ರ ಅದು ಸಹಜವಾದ ವರ್ಷವಾಗಿಯೇ ತೋರುತ್ತದೆ. ‘ರೈಸ್ ಅವರ ತಂಡ ನೋಡಿದ ಮೇಲೆ ಯಾರೂ ನೋಡಿಲ್ಲ’ ಎಂದು ಅವನು ಬರೆದುಬಿಡಬಹುದು. ದಾಖಲೆಯ ಅಭಾವವೇ ಇಲ್ಲಿ ದಾಖಲೆಯ ವೇಷ ತೊಟ್ಟಿದೆ. ಆದುದರಿಂದ ಹೊಂದುವ ಸಾಲು ಇದೆಯೆ ಎಂದು ಮೊದಲು ಎಣಿಸಿ, ಅನಂತರವೇ ಗರಿಷ್ಠವನ್ನು ಕೇಳಬೇಕು:

=ಇಫ್(ಕೌಂಟ್‌ಇಫ್ಸ್(ಎ2:ಎ7, 103, ಸಿ2:ಸಿ7, "ಕಂಡಿದೆ")=0, "ದಾಖಲೆ ಇಲ್ಲ", ಮ್ಯಾಕ್ಸ್‌ಇಫ್ಸ್(ಬಿ2:ಬಿ7, ಎ2:ಎ7, 103, ಸಿ2:ಸಿ7, "ಕಂಡಿದೆ"))

ಮೂರನೆಯ ತೊಡಕು ದಿನ–ತಿಂಗಳುಗಳ ಕ್ರಮದ್ದು. ನಾವು ದಿನವನ್ನು ಮೊದಲು ಬರೆಯುತ್ತೇವೆ. ಯಂತ್ರದ ಪ್ರಾದೇಶಿಕ ವ್ಯವಸ್ಥೆ ಅಮೆರಿಕದ ಕ್ರಮಕ್ಕೆ ಹೊಂದಿಕೊಂಡಿದ್ದರೆ 5-11-2023 ಎಂದು ಬರೆದ ನವೆಂಬರ್ 5, ಮೇ 11 ಆಗುತ್ತದೆ. 18-11-2023 ಎಂದು ಬರೆದದ್ದು, ಹದಿನೆಂಟನೆಯ ತಿಂಗಳಿಲ್ಲದ ಕಾರಣ, ಅಕ್ಷರಸರಣಿಯಾಗಿ ಉಳಿದು ಲೆಕ್ಕದಿಂದ ಹೊರಬೀಳುತ್ತದೆ. ಹೀಗೆ ತಿಂಗಳ ಮೊದಲ ಹನ್ನೆರಡು ದಿನಗಳ ಭೇಟಿಗಳು ತಪ್ಪು ತಿಂಗಳಿಗೆ ಸೇರುತ್ತವೆ. ಉಳಿದ ದಿನಗಳ ಭೇಟಿಗಳು ಇಲ್ಲವೇ ಆಗುತ್ತವೆ.

ಈ ಮೂರಕ್ಕೂ ಒಂದೇ ಪರಿಹಾರವಿದೆ. ವರ್ಷ, ತಿಂಗಳು, ದಿನಗಳನ್ನು ಬೇರೆ ಬೇರೆ ಕೋಶಗಳಲ್ಲಿ ತುಂಬಿ, ವರ್ಷವನ್ನು 10000ರಿಂದಲೂ ತಿಂಗಳನ್ನು 100ರಿಂದಲೂ ಗುಣಿಸಿ, ದಿನವನ್ನು ಕೂಡಿಸಬೇಕು. ಮೇಲಿನ ಕೋಷ್ಟಕದ ದಿನಸಂಖ್ಯೆ ಹೀಗೆ ಬಂದದ್ದು. ಇದು ಸಾಮಾನ್ಯ ಸಂಖ್ಯೆಯಾದುದರಿಂದ 1886ಕ್ಕೂ 2023ಕ್ಕೂ ಭೇದವಿಲ್ಲ; ದೊಡ್ಡ ಸಂಖ್ಯೆ ಎಂದರೆ ಇತ್ತೀಚಿನ ದಿನ ಎಂಬ ನಿಯಮ ಎಲ್ಲಿಯೂ ತಪ್ಪುವುದಿಲ್ಲ; ಸೊನ್ನೆ ಬಂದರೆ ಸೊನ್ನೆಯಾಗಿಯೇ ಕಾಣುತ್ತದೆ. ದಿನ ಅಥವಾ ತಿಂಗಳು ತಿಳಿಯದಿದ್ದರೆ ಆ ಸ್ಥಾನದಲ್ಲಿ ಸೊನ್ನೆಗಳನ್ನಿಟ್ಟು ಅಜ್ಞಾತವನ್ನು ಅಜ್ಞಾತವೆಂದೇ ತೋರಿಸಬಹುದು. ಆದರೆ ಅಪೂರ್ಣ ದಿನಾಂಕವು, ತಿಂಗಳು ತಿಳಿಯದಿದ್ದರೆ ಆ ವರ್ಷದ, ದಿನ ಮಾತ್ರ ತಿಳಿಯದಿದ್ದರೆ ಆ ತಿಂಗಳ ಎಲ್ಲ ಪೂರ್ಣ ದಿನಾಂಕಗಳಿಗಿಂತ ಹಿಂದಿನದೆಂದು ಎಣಿಕೆಯಾಗುತ್ತದೆ. ಮುದ್ರಿತ ಸಂಪುಟದ ವರ್ಷವು ಕಲ್ಲನ್ನು ನೋಡಿದ ವರ್ಷವಲ್ಲ, ಅದರ ಮೇಲುಮಿತಿ ಮಾತ್ರ. ಇವನ್ನು ‘ಆಧಾರ’ ಕಂಬಸಾಲಿನಲ್ಲಿ ತಪ್ಪದೆ ಗುರುತಿಸಬೇಕು.

5. ಊರ ಹೆಸರು ಮತ್ತು ಹೊಂದಿಕೆ

ದಿನಾಂಕ ಸರಿಯಾಗಿದ್ದರೂ ಷರತ್ತು ಹೊಂದದಿದ್ದರೆ ಉತ್ತರ ತಪ್ಪುತ್ತದೆ. ಊರಿನ ಹೆಸರಿನಿಂದ ಹುಡುಕುವಾಗ ಇದು ಸ್ಪಷ್ಟವಾಗುತ್ತದೆ. ಕೆ. ಹೊಸಕೋಟೆ ಎಂಬಲ್ಲಿನ ‘ಕೆ’ ಕೆಂಚಮ್ಮನ ಎಂಬುದರ ಸಂಕ್ಷೇಪ. ‘ಕೆ. ಹೊಸಕೋಟೆ’, ನಡುವೆ ತೆರಪಿಲ್ಲದ ‘ಕೆ.ಹೊಸಕೋಟೆ’, ‘ಕೆಂಚಮ್ಮನ ಹೊಸಕೋಟೆ’, ಬರಿಯ ‘ಹೊಸಕೋಟೆ’ ಎಂದು ನಾಲ್ಕು ಬಗೆಯಲ್ಲಿ ಇದು ಬರಬಹುದು. ಓದುವವರಿಗೆ ಇವು ಒಂದೇ ಊರು, ಯಂತ್ರಕ್ಕೆ ನಾಲ್ಕು. ಅಷ್ಟೇ ಅಲ್ಲ, ಬರಿಯ ‘ಹೊಸಕೋಟೆ’ ಎಂದರೆ ಬೆಂಗಳೂರಿನ ಬಳಿಯ ತಾಲ್ಲೂಕು ಕೇಂದ್ರವೂ ಆದೀತು. ಒಂದು ಬಗೆಯಲ್ಲಿ ಹುಡುಕಿದಾಗ ಉಳಿದ ಮೂರರಲ್ಲಿ ದಾಖಲಾದ ಇತ್ತೀಚಿನ ಭೇಟಿ ತಪ್ಪಿಹೋಗಿ, ಹಳೆಯದೊಂದು ದಿನ ‘ಕೊನೆಯ’ದಾಗಿ ಬರುತ್ತದೆ.

ಕಣ್ಣಿಗೆ ಕಾಣದ ಭೇದವೂ ಉಂಟು. ಯೂನಿಕೋಡ್ ವ್ಯವಸ್ಥೆಯಲ್ಲಿ ‘ಹೊ’, ‘ಕೋ’ ಎಂಬಲ್ಲಿನ ಸ್ವರಚಿಹ್ನೆಗಳನ್ನು ಒಂದೇ ಸಂಕೇತವಾಗಿಯೂ ಬಿಡಿ ಭಾಗಗಳ ಸರಣಿಯಾಗಿಯೂ ಬರೆಯಲು ಅವಕಾಶವಿದೆ. ‘ಹೊಸಕೋಟೆ’ ಎಂಬ ಪದ ಮೊದಲ ಕ್ರಮದಲ್ಲಿ 7 ಸಂಕೇತಗಳು, ಎರಡನೆಯ ಕ್ರಮದಲ್ಲಿ 10 ಸಂಕೇತಗಳು. ಪರದೆಯ ಮೇಲೆ ಎರಡೂ ಒಂದೇ ರೂಪ. ‘ಲೆನ್’ ಸೂತ್ರದಿಂದ ಉದ್ದವನ್ನು ಎಣಿಸಿದಾಗ ಈ ಭೇದ ಬಯಲಾಗುತ್ತದೆ. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಅಕ್ಷರವಿನ್ಯಾಸಗಳಲ್ಲಿ ತುಂಬಿದ ಹಳೆಯ ಕಡತಗಳನ್ನಂತೂ ಪರಿವರ್ತಿಸದೆ ಹೊಸ ಕೋಷ್ಟಕದೊಂದಿಗೆ ಸೇರಿಸಲೇಬಾರದು.

ಇದಕ್ಕೆ ಪರಿಹಾರವೆಂದರೆ ಹೆಸರಿನಿಂದ ಹುಡುಕದೆ ಸಂಖ್ಯಾಸಂಕೇತದಿಂದ ಹುಡುಕುವುದು. ಪ್ರತಿ ಕಲ್ಲಿಗೂ ನಮ್ಮದೇ ಆದ ಒಂದು ಸಂಖ್ಯೆ ಕೊಟ್ಟು, ಊರಿನ ಹೆಸರಿನ ಎಲ್ಲ ರೂಪಗಳನ್ನೂ ಮುದ್ರಿತ ಸಂಪುಟಗಳ ಸಂಖ್ಯೆಗಳನ್ನೂ ಬೇರೊಂದು ಹಾಳೆಯಲ್ಲಿ ಅದರ ಎದುರಿಗೆ ಬರೆದಿಡಬೇಕು. ರೈಸ್ ಅವರ ಸಂಪುಟದಲ್ಲಿ ಸಕಲೇಶಪುರದ ಕಡೆಯ ಶಾಸನಗಳು ಮಂಜರಾಬಾದ್ ತಾಲ್ಲೂಕಿನ ಹೆಸರಿನಲ್ಲಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಖ್ಯೆಗಳು ಬದಲಾಗಿವೆ. ಒಂದೇ ಕಲ್ಲು ಎರಡು ಸಂಖ್ಯೆಗಳಲ್ಲಿ ಎರಡು ಕಲ್ಲುಗಳಾಗಿ ಕೋಷ್ಟಕವನ್ನು ಹೊಕ್ಕರೆ ಯಾವ ಸೂತ್ರವೂ ಅದನ್ನು ಸರಿಪಡಿಸಲಾರದು.

ಕಲ್ಲು ಸ್ಥಳಾಂತರಗೊಂಡಾಗಲೂ ಸಂಖ್ಯಾಸಂಕೇತವೇ ಆಸರೆ. ಇದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಮೂಲ ಶಾಸನ ಈಗ ಆ ಊರಿನಲ್ಲಿಲ್ಲ, ಅಲ್ಲಿರುವುದು ಪ್ರತಿಕೃತಿ. ಊರಿನ ಹೆಸರಿನಿಂದ ಹುಡುಕಿ ‘ಕಂಡಿದೆ’ ಎಂದು ಬರೆದವರು ಕಂಡದ್ದು ಯಾವುದನ್ನು ಎಂಬ ಪ್ರಶ್ನೆ ಏಳುತ್ತದೆ. ಮೂಲಕ್ಕೂ ಪ್ರತಿಕೃತಿಗೂ ಬೇರೆ ಸಂಕೇತಗಳಿರಬೇಕು.

6. ಮಿತಿಗೆ ಒಳಪಟ್ಟ ಕೊನೆಯ ವರ್ಷ: ಸಂವತ್ಸರದ ಲೆಕ್ಕ

‘ಇತ್ತೀಚಿನ ಹೊಂದಿಕೆ’ಯ ಇದೇ ತತ್ತ್ವ ಶಾಸನದ ಒಳಗಿನ ಕಾಲನಿರ್ಣಯಕ್ಕೂ ಉಪಯೋಗವಾಗುತ್ತದೆ. ಶಕವರ್ಷ ಅಳಿಸಿಹೋಗಿ ಸಂವತ್ಸರದ ಹೆಸರು ಮಾತ್ರ ಉಳಿದಿರುವ ಶಾಸನಗಳು ಎಲ್ಲರಿಗೂ ಪರಿಚಿತ. ಅರಸನ ಹೆಸರಿನಿಂದ ಮೇಲುಮಿತಿ ತಿಳಿದಿದ್ದರೆ, ಆ ಮಿತಿಯೊಳಗೆ ಆ ಸಂವತ್ಸರ ಕೊನೆಯ ಬಾರಿ ಬಂದ ವರ್ಷ ಯಾವುದೆಂದು ಕೇಳಬೇಕಾಗುತ್ತದೆ. ಇದಕ್ಕೆ ಅರವತ್ತು ಹೆಸರುಗಳ ಕೋಷ್ಟಕವನ್ನು ಹುಡುಕುವ ಅಗತ್ಯವಿಲ್ಲ. ದಕ್ಷಿಣದ ಪದ್ಧತಿಯಲ್ಲಿ ಗತ ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆಯಾದರೆ ಅರವತ್ತನೆಯದಾದ ಅಕ್ಷಯ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯ ವರ್ಷ ಶಕ 1039. ಅದಕ್ಕೆ 12 ಕೂಡಿಸಿದರೆ 1051. ಶೇಷ 31, ಅಂದರೆ ಹೇವಿಳಂಬಿ. ಜೈನರಿಗೂ ಶ್ರೀವೈಷ್ಣವರಿಗೂ ಬುಕ್ಕರಾಯ ಮಾಡಿಸಿದ ಒಡಂಬಡಿಕೆಯ ಶ್ರವಣಬೆಳಗೊಳದ ಶಾಸನ ಶಕ 1290ರದು. ಶೇಷ 42, ಅಂದರೆ ಕೀಲಕ. ಎರಡೂ ಶಾಸನಗಳಲ್ಲಿರುವ ಹೆಸರಿಗೆ ಹೊಂದುತ್ತವೆ.

ಮೇಲುಮಿತಿಯ ಶಕವರ್ಷ ಎಲ್ ಎಂದೂ ಸಂವತ್ಸರದ ಸಂಖ್ಯೆ ಎನ್ ಎಂದೂ ಇಟ್ಟುಕೊಂಡರೆ ಬೇಕಾದ ವರ್ಷ ಹೀಗೆ ದೊರೆಯುತ್ತದೆ:

=ಎಲ್-ಮಾಡ್(ಎಲ್+12-ಎನ್, 60)

ವಿಷ್ಣುವರ್ಧನನ ಆಳ್ವಿಕೆ 1142ಕ್ಕೆ ಮುಗಿಯಿತೆಂದು ಕೆಲವರು, 1152ರವರೆಗೆ ನಡೆಯಿತೆಂದು ಕೆಲವರು ಅಭಿಪ್ರಾಯಪಟ್ಟಿದ್ದಾರೆ. ಇವು ಶಕ 1064 ಮತ್ತು 1074. ಹೇವಿಳಂಬಿಗೆ 31 ಎಂದಿಟ್ಟು ಎರಡನ್ನೂ ಪರೀಕ್ಷಿಸಿದರೆ ಎರಡರಲ್ಲಿಯೂ 1039 ಎಂಬ ಒಂದೇ ಉತ್ತರ ಬರುತ್ತದೆ. ಅರಸನ ಕೊನೆಯ ವರ್ಷದ ಬಗೆಗಿನ ಭಿನ್ನಾಭಿಪ್ರಾಯವು ಈ ನಿರ್ಣಯವನ್ನು ಮುಟ್ಟುವುದಿಲ್ಲವೆಂದು ಇದರಿಂದ ತಿಳಿಯುತ್ತದೆ. ಎರಡು ಮಿತಿಗಳಿಗೆ ಎರಡು ಉತ್ತರಗಳು ಬಂದಿದ್ದರೆ ಕಾಲನಿರ್ಣಯವನ್ನು ತಡೆಹಿಡಿಯಬೇಕಾಗುತ್ತಿತ್ತು. ಶಕವರ್ಷವೂ ಸಂವತ್ಸರವೂ ಇದ್ದು ಪರಸ್ಪರ ಹೊಂದದಿರುವಲ್ಲಿ ಸೂತ್ರವನ್ನು ದೂಷಿಸುವ ಮೊದಲು ಗತವರ್ಷ, ವರ್ತಮಾನವರ್ಷಗಳ ಭೇದವನ್ನು ಪರಿಶೀಲಿಸಬೇಕು. ಕ್ರಿಸ್ತಶಕಕ್ಕೆ ತರುವಾಗ ಚೈತ್ರದಿಂದ ಡಿಸೆಂಬರ್ ಕೊನೆಯವರೆಗೆ 78ನ್ನೂ ಅಲ್ಲಿಂದ ಫಾಲ್ಗುಣದ ಕೊನೆಯವರೆಗೆ 79ನ್ನೂ ಕೂಡಿಸಬೇಕೆಂಬುದು ತಿಳಿದ ವಿಷಯವೇ ಆಗಿದೆ.

7. ಉಪಸಂಹಾರ

ಕೋಷ್ಟಕವು ಕೊಡುವ ‘ಕೊನೆಯ ದಿನಾಂಕ’ ಆ ಕೋಷ್ಟಕದಲ್ಲಿರುವ ಕೊನೆಯ ದಿನಾಂಕವಷ್ಟೇ ಎಂಬ ಎಚ್ಚರ ಎಲ್ಲ ಸೂತ್ರಗಳಿಗಿಂತ ಮುಖ್ಯವಾದುದು. ೞಕಾರವಿರುವ ಕೊನೆಯ ಶಾಸನ, ಒಂದು ಬಿರುದು ಕಾಣಿಸುವ ಕೊನೆಯ ಶಾಸನ ಎಂದು ನಾವು ಬರೆಯುವಾಗಲೂ ಇದೇ ಮಾತು ಅನ್ವಯಿಸುತ್ತದೆ. 1936ರಲ್ಲಿ ಹಲ್ಮಿಡಿ ಶಾಸನ ಬೆಳಕಿಗೆ ಬಂದಾಗ ಕನ್ನಡ ಶಾಸನಗಳ ಆರಂಭದ ಅಂಚು ಹಿಂದಕ್ಕೆ ಸರಿಯಿತು. ತಾಳಗುಂದದ ಸಿಂಹಕಟಾಂಜನ ಶಾಸನ ಅದಕ್ಕೂ ಹಿಂದಿನದೆಂಬ ವಾದ ಈಚೆಗೆ ಮಂಡಿತವಾಗಿದೆ. ಮೊದಲಿನ ಅಂಚು ಹೀಗೆ ಸರಿಯುವುದಾದರೆ ಕೊನೆಯ ಅಂಚೂ ಸರಿಯಬಲ್ಲದು. ಆದುದರಿಂದ ಉತ್ತರದೊಂದಿಗೆ ಕೋಷ್ಟಕದ ವ್ಯಾಪ್ತಿಯನ್ನೂ ಅದನ್ನು ಕೊನೆಯದಾಗಿ ಪರಿಷ್ಕರಿಸಿದ ದಿನವನ್ನೂ ನಮೂದಿಸುವುದು ಒಳಿತು.

ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಕಲ್ಲುಗಳನ್ನು ಮೂರು ಆಯಾಮಗಳಲ್ಲಿ ಡಿಜಿಟಲ್ ರೂಪಕ್ಕೆ ತರುವ ಯೋಜನೆಯನ್ನು ಕೈಗೊಂಡಿದೆ. ಅಂಥ ಸಾಧನಗಳು ಎಲ್ಲ ತಾಲ್ಲೂಕುಗಳಿಗೆ ಬರುವವರೆಗೆ ಕಾಯಬೇಕಾಗಿಲ್ಲ. ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಕ್ಷೇತ್ರಕಾರ್ಯಕ್ಕೆ ಕರೆದೊಯ್ಯುವ ಯಾವ ಕಾಲೇಜಿನ ಕನ್ನಡ ವಿಭಾಗವೂ ತನ್ನ ಸುತ್ತಿನ ಒಂದು ಹೋಬಳಿಯ ಕಲ್ಲುಗಳಿಗೆ ಇಂಥ ಕೋಷ್ಟಕವನ್ನು ಇಡಬಹುದು. ಭೇಟಿಗೊಂದು ಸಾಲು, ಕಲ್ಲಿಗೊಂದು ಸಂಖ್ಯೆ, ಎಂಟು ಅಂಕಿಗಳ ದಿನಸಂಖ್ಯೆ, ಮೂರು ಖಚಿತ ಫಲಿತಾಂಶಗಳು ಇಷ್ಟಿದ್ದರೆ ಸಾಕು. ಕೊನೆಯ ದರ್ಶನದ ಕಂಬಸಾಲನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ಎಲ್ಲಕ್ಕಿಂತ ಹಿಂದೆ ಕಂಡ ಕಲ್ಲು ಮೇಲಕ್ಕೆ ಬರುತ್ತದೆ. ಮುಂದಿನ ಬೇಸಿಗೆಯಲ್ಲಿ, ದಾರಿ ಒಣಗಿ ಪಾಚಿ ಉದುರಿದ ಮೇಲೆ, ಮೊದಲು ಹೋಗಬೇಕಾದುದು ಆ ಕಲ್ಲಿನ ಬಳಿಗೆ.